ಪೇಷೆಂಟ್ ಕಡೆಯವರು

ನನ್ನ ಹಲ್ಲುಗಳು ಒಂದೇ ಸಲಕ್ಕೆ ಹೋಗಲಿಲ್ಲ. ನಲವತ್ತು ದಾಟಿದ ಮೇಲೆ ವಸಡು ಊದಿಕೊಳ್ಳಲು ಶುರುವಾಯಿತು. ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಕೆಂಪಗಾಗುತ್ತಿತ್ತು. ನಾನಾಗ ಸಂಡೂರಿನ ಗಣಿಗಳ ಹತ್ತಿರ ಯಶವಂತನಗರದ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಅಲ್ಲಿ ಎಲ್ಲವೂ ಕೆಂಪೇ. ಅದಿರಿನ ಲಾರಿ ಹೋದ ದಾರಿ, ಹಗ್ಗದ ಮೇಲೆ ಒಣಹಾಕಿದ ಸೀರೆ, ಮಕ್ಕಳ ಪುಸ್ತಕದ ಅಂಚು. ಬಾಯಿಯ ಕೆಂಪನ್ನು ನಾನು ದೊಡ್ಡದು ಮಾಡಲಿಲ್ಲ. ಅವ್ವನಿಗೂ ಐವತ್ತಕ್ಕೆಲ್ಲ ಬಾಯಿ ಬೋಳಾಗಿತ್ತು, ನಮ್ಮ ಮನೆತನವೇ ಹೀಗೆ ಎಂದುಕೊಂಡೆ. ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದದ್ದು ತೀರ ತಡವಾಗಿ. ಅಷ್ಟರಲ್ಲಿ ಹಲ್ಲುಗಳು ಅಲುಗಾಡುತ್ತಿದ್ದವು. ಕೆಲವನ್ನು ಡಾಕ್ಟರು ಕಿತ್ತರು, ಕೆಲವು ತಾವಾಗಿಯೇ ಬಂದವು. ಒಂದಂತೂ ಊಟದ ನಡುವೆ ಕಲ್ಲಿನಂತೆ ಸಿಕ್ಕಿತು. ಅಕ್ಕಿ ಸರಿಯಾಗಿ ಆರಿಸಲಿಲ್ಲವೆಂದು ನನ್ನನ್ನೇ ಬೈದುಕೊಳ್ಳುತ್ತ ತೆಗೆದು ನೋಡಿದರೆ ನನ್ನದೇ ಹಲ್ಲು.

ಕನ್ನಡ ಕಲಿಸುವವಳಿಗೆ ಹಲ್ಲು ಹೋದರೆ ಜೊತೆಗೇ ಹೋಗುವುದು ತ, ಥ, ದ, ಧ, ನ. ಇವು ದಂತ್ಯಾಕ್ಷರಗಳು, ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂಬದಿಗೆ ತಾಗಬೇಕು ಎಂದು ನಾನೇ ಎಷ್ಟೋ ವರ್ಷ ಹೇಳಿಕೊಟ್ಟಿದ್ದೆ. ತಾಗಲು ಹಲ್ಲೇ ಇಲ್ಲವಾದಾಗ ನಾಲಿಗೆ ತುಟಿಯಿಂದಾಚೆ ಬಂದುಬಿಡುತ್ತಿತ್ತು. ಒಂದು ದಿನ ಚಿಕ್ಕ ಮಕ್ಕಳಿಗೆ ಅಕ್ಷರ ಹೇಳಿಸುತ್ತಿದ್ದೆ. ನಾನು 'ಥ' ಎಂದೆ. ಇಡೀ ತರಗತಿ ನಾಲಿಗೆಯನ್ನು ಹೊರಗೆ ಚಾಚಿ, ಗಾಳಿ ಬಿಟ್ಟು, ನನ್ನಂತೆಯೇ ಹೇಳಿತು. ಅವರು ಅಣಕಿಸಲಿಲ್ಲ. ಟೀಚರ್ ಹೇಳಿದ ಹಾಗೆ ಹೇಳಿದರು, ಅಷ್ಟೆ. ಅಣಕಿಸಿದ್ದರೆ ಗದರಿಸಿ ಸುಮ್ಮನಾಗುತ್ತಿದ್ದೆ. ಆ ದಿನ ಕಪ್ಪುಹಲಗೆಯ ಕಡೆ ತಿರುಗಿ ನಿಂತವಳಿಗೆ ಮತ್ತೆ ಮಕ್ಕಳ ಕಡೆ ತಿರುಗಲು ಬಹಳ ಹೊತ್ತು ಬೇಕಾಯಿತು.

ಹಲ್ಲಿನ ಸೆಟ್ ಮಾಡಿಸಿಕೊಂಡೆ. ಮೇಲಿನದು ಹೇಗೋ ಕಚ್ಚಿಕೊಂಡು ನಿಲ್ಲುತ್ತಿತ್ತು. ಕೆಳಗಿನದು ಮಾತ್ರ ತನಗೆ ಬೇಕಾದಾಗ ಏಳುತ್ತಿತ್ತು, ಬೇಕಾದಾಗ ಕೂರುತ್ತಿತ್ತು. ಮಾತಾಡುವಾಗ ನಾಲಿಗೆಯಿಂದ ಅದನ್ನು ಒತ್ತಿ ಹಿಡಿಯುವುದನ್ನು ಕಲಿತೆ. ಉಣ್ಣುವಾಗ ನಾಲಿಗೆಗೆ ಬೇರೆ ಕೆಲಸ ಇರುತ್ತದಲ್ಲ, ಆಗ ಹಿಡಿಯುವವರು ಯಾರು?

ಕಂಪ್ಲಿಯಲ್ಲಿ ನನ್ನ ಅಕ್ಕನ ಮನೆ. ಅವಳ ಮಗಳ ಸೀಮಂತಕ್ಕೆ ಹೋಗಿದ್ದೆ. ನಮ್ಮ ಕಡೆ ಅದನ್ನು ಕುಬಸ ಎನ್ನುತ್ತಾರೆ. ಬೀಗರು ತಟ್ಟೆ ತಟ್ಟೆ ಉಂಡಿ, ಚಕ್ಕುಲಿ, ಕರ್ಚಿಕಾಯಿ ತಂದಿದ್ದರು. ಪಂಕ್ತಿಯಲ್ಲಿ ಕುಳಿತಿದ್ದೆ. ಯಾರೋ ಬಲವಂತ ಮಾಡಿ ಎಲೆಗೆ ಶೇಂಗಾ ಉಂಡಿ ಹಾಕಿದರು. ಸ್ವಲ್ಪ ಮುರಿದು ಬಾಯಿಗಿಟ್ಟುಕೊಂಡೆ. ಬೆಲ್ಲದ ಪಾಕ ಬಿಗಿಯಾಗಿತ್ತು. ಬಾಯಿ ತೆರೆದರೆ ಕೆಳಗಿನ ಸೆಟ್ಟು ಉಂಡಿಗೆ ಅಂಟಿಕೊಂಡೇ ಹೊರಗೆ ಬಂದು ಎಲೆಯ ಮೇಲೆ ಬಿತ್ತು. ಎದುರಿಗಿದ್ದ ಹೆಂಗಸು ತಲೆ ತಗ್ಗಿಸಿದಳು. ಪಕ್ಕದವಳು ನೀರಿನ ಲೋಟ ಸರಿಸಿಕೊಂಡಳು. ಅಕ್ಕ ಓಡಿ ಬಂದು ಎಲೆಯ ತುದಿಯನ್ನು ಅದರ ಮೇಲೆ ಮಡಿಚಿದಳು.

ಎಲ್ಲರೂ ಹೋದ ಮೇಲೆ ಅಕ್ಕ ನನ್ನ ಪಕ್ಕ ಕುಳಿತು ಬೆನ್ನು ಸವರಿದಳು. "ಮನಸಿಗೆ ಹಚ್ಕೋಬ್ಯಾಡ. ಇನ್ಮ್ಯಾಲ ಮಂದಿ ಇದ್ದಾಗ ನಿನಗ ಅಡಗಿಮನ್ಯಾಗ ಬ್ಯಾರೆ ಬಡಸ್ತೀನಿ ತಗೋ" ಎಂದಳು.

ಅವಳು ಪ್ರೀತಿಯಿಂದಲೇ ಅಂದದ್ದು. ಆದರೂ ಮರುದಿನ ಮೊದಲ ಬಸ್ಸಿಗೆ ಹೊರಟೆ. ಆಮೇಲೆ ಕಂಪ್ಲಿಯಲ್ಲಿ ತೊಟ್ಟಿಲಾಯಿತು, ಮನೆ ಪ್ರವೇಶವಾಯಿತು, ಒಂದು ಮದುವೆಯೂ ಆಯಿತು. ಪ್ರತಿ ಸಲ ಫೋನಿನಲ್ಲಿ ಒಂದೊಂದು ನೆಪ ಹೇಳಿದೆ. ಬರಬರುತ್ತ ಅಕ್ಕ ನೆಪ ಕೇಳುವುದನ್ನೂ ಬಿಟ್ಟಳು.

ಶಾಲೆಯಲ್ಲೂ ಎಲ್ಲರೂ ಉಂಡು ಎದ್ದ ಮೇಲೆ ಡಬ್ಬಿ ತೆರೆಯುತ್ತಿದ್ದೆ. ಕೊನೆಗೆ ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು ಹೊಸಪೇಟೆಗೆ ಬಂದು ಚಿತ್ತವಾಡ್ಗಿಯಲ್ಲಿ ಒಂದು ಮನೆ ಹಿಡಿದೆ. ಮದುವೆಯಾದವಳಲ್ಲ. ಒಬ್ಬಳಿಗೆ ಎರಡು ಕೋಣೆ ಹೆಚ್ಚೇ. ಬಾಗಿಲು ಮುಂದೆ ಮಾಡಿ, ಅನ್ನಕ್ಕೆ ಮಜ್ಜಿಗೆ ಹಾಕಿ ಕಿವುಚಿ, ಸೆಟ್ಟು ತೆಗೆದಿಟ್ಟು ಉಣ್ಣುತ್ತಿದ್ದೆ. ಪಕ್ಕದ ಮನೆಯವರು ಮೊದಮೊದಲು "ಬರ್ರಿ ಟೀಚರ್, ನಾಷ್ಟಾ ಮಾಡೂಣು" ಎಂದು ಕರೆಯುತ್ತಿದ್ದರು. ಆಗಿದೆ ಎನ್ನುತ್ತಿದ್ದೆ. ಯಾವಾಗ ಕರೆದರೂ ಆಗಿದೆ ಎನ್ನುವವಳನ್ನು ಎಷ್ಟು ದಿನ ಕರೆದಾರು? ಕೆಲವು ದಿನ ಸಂಜೆ ಹಾಲು ತರಲು ಹೋಗಿ ಅಂಗಡಿಯವನಿಗೆ "ಅರ್ಧ ಲೀಟರ್" ಎಂದಾಗ ನನ್ನ ದನಿ ಗೊಗ್ಗರಾಗಿ ಬರುತ್ತಿತ್ತು. ಬೆಳಿಗ್ಗೆಯಿಂದ ಅದೇ ಮೊದಲ ಮಾತು ಎಂಬುದು ಆಗ ತಿಳಿಯುತ್ತಿತ್ತು.

ಒಂದು ಬೆಳಿಗ್ಗೆ ತೊಳೆಯುವಾಗ ಸೆಟ್ಟು ಕೈಯಿಂದ ಜಾರಿ ಬಚ್ಚಲಿನ ಕಲ್ಲಿಗೆ ಬಿದ್ದು ಎರಡು ತುಂಡಾಯಿತು. ತುಂಡುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಆಟೋ ಹತ್ತಿ ಪೇಟೆಯ ಒಂದು ಹಲ್ಲಿನ ಆಸ್ಪತ್ರೆಗೆ ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ತುಂಡುಗಳನ್ನು ನೋಡಿದಳು, ಬಾಯಿ ನೋಡಿದಳು, ಎಕ್ಸ್‌ರೇ ತೆಗೆಸಿದಳು.

"ಮೇಡಂ, ಇದನ್ನ ಅಂಟಿಸಿ ಕೊಡ್ತೀನ್ರಿ. ಆದ್ರ ಭಾಳ ದಿನ ಬರಂಗಿಲ್ಲ" ಎಂದಳು. "ಹಲ್ಲಿಲ್ಲದ ಎಲುಬು ಕರಗ್ತಾ ಹೋಗ್ತೈತಿ. ನಿಮ್ಮ ದವಡಿ ಸವದೈತ್ರಿ. ಅದಕ್ಕ ಸೆಟ್ ನಿಲ್ಲವಲ್ದು."

"ಹಂಗಾರ ಬ್ಯಾರೆ ದಾರಿ ಇಲ್ಲೇನ್ರಿ?"

"ಐತಿ. ಎಲುಬಿನ್ಯಾಗ ಸ್ಕ್ರೂ ಕೂರಸ್ತೀವಿ. ಇಂಪ್ಲಾಂಟ್ ಅಂತಾರ. ಒಂದೊಂದು ಹಲ್ಲಿಗೆ ಒಂದೊಂದು ಬೇಕಂತಿಲ್ಲ. ಮ್ಯಾಲ ಐದಾರು, ಕೆಳಗ ನಾಕು ಆದ್ರ ಸಾಕು. ಎಲುಬು ಅವನ್ನ ಹಿಡಕೊಂಡ ಮ್ಯಾಲ ಇಡೀ ಸಾಲು ಹಲ್ಲು ಅದಕ್ಕ ಬಿಗೀತೀವಿ. ತಗಿಯೂದು ಹಾಕೂದು ಇರಂಗಿಲ್ಲ. ಮಲಗುವಾಗೂ ಬಾಯಾಗ ಇರ್ತಾವು."

ಮಲಗುವಾಗಲೂ ಬಾಯಲ್ಲಿರುತ್ತವೆ ಎಂದದ್ದು ಮನಸ್ಸಿನಲ್ಲಿ ನಿಂತಿತು. ನಿವೃತ್ತಿಯ ಹಣವಿತ್ತು, ಅದನ್ನು ಕೇಳುವವರು ಯಾರೂ ಇರಲಿಲ್ಲ. ಮಾಡಿಸುತ್ತೇನೆ ಎಂದೆ. ಡಾಕ್ಟರು, ಮೊದಲು ಸಕ್ಕರೆ ಹತೋಟಿಗೆ ಬರಬೇಕು, ದವಡೆಯ ಸ್ಕ್ಯಾನ್ ಆಗಬೇಕು, ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ ಎಂದೆಲ್ಲ ಹೇಳಿದಳು. ಎಲ್ಲಕ್ಕೂ ತಲೆಯಾಡಿಸಿದೆ. ಕೊನೆಗೆ, "ಆಪರೇಷನ್ ದಿನ ಜೊತೀಗೆ ಯಾರನ್ನಾರ ಕರ್ಕೊಂಡು ಬರ್ರಿ. ಒಬ್ರನ್ನ ಬಿಡಂಗಿಲ್ಲ. ಯಾರು ಬರ್ತಾರ್ರಿ?" ಎಂದು ಕೇಳಿದಳು.

ಅದಕ್ಕೆ ತಲೆಯಾಡಿಸಲು ಬರಲಿಲ್ಲ. ಅಕ್ಕನಿಗೆ ಹೇಳಬಹುದಿತ್ತು. ಆದರೆ ಇಷ್ಟು ವರ್ಷ ಹೇಳಿದ ನೆಪಗಳೆಲ್ಲ ಆ ಒಂದು ಫೋನಿನಲ್ಲಿ ಬಿಚ್ಚಿಕೊಳ್ಳುತ್ತಿದ್ದವು. ವಿಚಾರಿಸಿ ಹೇಳುತ್ತೇನೆಂದು ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ.

ಬೆಂಚಿನ ಆ ತುದಿಯಲ್ಲಿ ಒಬ್ಬ ಹೆಂಗಸಿದ್ದಳು. ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬೇಕು. ಅಗಲವಾದ ಕೈಗಳು, ಕುಂಕುಮವಿಲ್ಲದ ದೊಡ್ಡ ಹಣೆ, ಒಳಗೆ ಸೇದಿಕೊಂಡ ತುಟಿ. ಬಾಗಿಲು ಅರ್ಧ ತೆರೆದಿದ್ದರಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸಂಕೋಚವೇ ಇಲ್ಲದೆ ನನ್ನ ಕಡೆ ಸರಿದು, "ನಿಮಗೂ ಯಾರೂ ಇಲ್ಲೇನ್ರಿ?" ಎಂದಳು.

ಹಾಗೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ. "ಅದಾರ. ಕರಿಯಾಕ ಆಗಂಗಿಲ್ಲ" ಎಂದೆ.

"ನಂದೂ ಹಂಗಾ. ಸಂಡೂರಿನ್ಯಾಗ ಖಾನಾವಳಿ ಇಟ್ಟೀನ್ರಿ. ದಿನಾ ನೂರು ಮಂದಿ ಉಣ್ಣಾಕ ಬರ್ತಾರ. ದವಾಖಾನಿಗೆ ಬಾ ಅಂದ್ರ ಯಾರು ಬರ್ತಾರ ಹೇಳ್ರಿ? ಒಂದ್ ಕೆಲ್ಸ ಮಾಡೂಣು. ನನಗ ನೀವು ಕುಂದ್ರಿ. ನಿಮಗ ನಾ ಕುಂದ್ರತೀನಿ."

ಅಷ್ಟು ಸುಲಭವಾಗಿ ತೀರ್ಮಾನವಾಯಿತು. ಅವಳ ಹೆಸರನ್ನೂ ನಾನಿನ್ನೂ ಕೇಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಖಾನಾವಳಿಯನ್ನು ಅವಳೇ ನಡೆಸುತ್ತಿದ್ದಳು. ಗಣಿ ಕಂಪನಿ ಬಸ್ಸಿನವರು, ಲಾರಿಯವರು ಅವಳ ಗಿರಾಕಿಗಳು. ಮುಂದಿನ ಹಲ್ಲುಗಳು ಟೆಂಪೋ ಉರುಳಿದಾಗ ಹೋಗಿದ್ದವು, ಉಳಿದವು ಹುಳ ಹಿಡಿದು ಹೋದವು. ನಾನು ಅವಳನ್ನು ಅಕ್ಕ ಎಂದು ಕರೆಯತೊಡಗಿದೆ. ಅವಳು ನನ್ನನ್ನು ಟೀಚರ್ ಎಂದಳು, ಕೊನೆಯವರೆಗೂ ಟೀಚರ್ ಎಂದೇ ಕರೆದಳು.

ಅವಳ ಆಪರೇಷನ್ ಮೊದಲು. ನಾನು ಬೆಳಿಗ್ಗೆಯೇ ಹೋಗಿ ಬೆಂಚಿನ ಮೇಲೆ ಕುಳಿತಿದ್ದೆ. ಒಳಗೆ ಯಂತ್ರದ ಸದ್ದು ಬಂದು ಬಂದು ನಿಲ್ಲುತ್ತಿತ್ತು. ನಿಂತಾಗೆಲ್ಲ ಎದ್ದು ನಿಲ್ಲುತ್ತಿದ್ದೆ. ಬಹಳ ಹೊತ್ತಿನ ಮೇಲೆ ನರ್ಸ್ ಹೊರಗೆ ಇಣುಕಿ, "ಪೇಷೆಂಟ್ ಕಡೇರು ಯಾರ್ರಿ?" ಎಂದಳು. ನಾನು ಸುಮ್ಮನೆ ಅವಳ ಮುಖ ನೋಡುತ್ತಿದ್ದೆ. "ಯಾರೂ ಬಂದಿಲ್ಲೇನು?" ಎಂದು ಅವಳು ಮತ್ತೆ ಕೂಗಿದಾಗ ಅದು ನಾನೇ ಎಂದು ಹೊಳೆಯಿತು. "ನಾನ್ರೀ, ನಾನು" ಎಂದು ಚೀಲ ಬಿಟ್ಟು ಓಡಿದೆ. ಔಷಧಿ ಹೇಗೆ ಕೊಡಬೇಕು, ಮಂಜಿನಗಡ್ಡೆ ಎಲ್ಲಿ ಒತ್ತಬೇಕು ಎಂದು ಅವಳು ನನಗೆ ಹೇಳುತ್ತಿದ್ದಳು. ನಾನು ಪಾಠ ಒಪ್ಪಿಸುವ ಹುಡುಗಿಯಂತೆ ಒಂದೊಂದನ್ನೂ ತಿರುಗಿ ಹೇಳಿದೆ. ಒಬ್ಬರ ಕಡೆಯವಳು ಎಂದು ನನ್ನನ್ನು ಯಾರಾದರೂ ಕರೆದು ಎಷ್ಟೋ ಕಾಲವಾಗಿತ್ತು.

ಅವಳನ್ನು ಸಂಡೂರಿಗೆ ಕಳಿಸುವ ಹಾಗಿರಲಿಲ್ಲ, ಮನೆಗೆ ಕರೆತಂದೆ. ಮುಖ ಊದಿ ಕುಂಬಳಕಾಯಿಯಾಗಿತ್ತು. ಮಾತಾಡಬಾರದು ಎಂದಿದ್ದರು, ಆದರೂ ಕೈಸನ್ನೆಯಲ್ಲೇ ನನ್ನ ಅಡಿಗೆಮನೆಯ ತಪ್ಪುಗಳನ್ನೆಲ್ಲ ಹೇಳಿದಳು. ಒಲೆಯ ಪಕ್ಕ ಎಣ್ಣೆ ಇಡಬಾರದು, ಈ ಪಾತ್ರೆ ಸಣ್ಣದು, ಗಂಜಿ ಇನ್ನೂ ತೆಳ್ಳಗಾಗಬೇಕು. ಮಧ್ಯಾಹ್ನ ಇಬ್ಬರೂ ನೆಲದ ಮೇಲೆ ಎದುರುಬದುರು ಕುಳಿತು ತಣ್ಣಗಾದ ಗಂಜಿ ಕುಡಿದೆವು. ನಾನು ಸೆಟ್ಟು ತೆಗೆದಿಟ್ಟಿದ್ದೆ. ಅರ್ಧ ಲೋಟ ಮುಗಿದ ಮೇಲೆ ನನಗೆ ನೆನಪಾಯಿತು: ಬಾಗಿಲು ತೆರೆದಿದೆ, ಎದುರಿಗೆ ಒಬ್ಬರಿದ್ದಾರೆ, ನಾನು ಬಾಯಿಗೆ ಸೆರಗು ಹಿಡಿದಿಲ್ಲ. ಅವಳ ಗಲ್ಲದ ಮೇಲೆ ಗಂಜಿ ಸುರಿದಿತ್ತು, ತುಟಿ ಮರಗಟ್ಟಿದ್ದರಿಂದ ಅವಳಿಗೆ ಗೊತ್ತಾಗಿರಲಿಲ್ಲ. ನಾನು ಕೈ ಚಾಚಿ ಒರೆಸಿದೆ. ಅವಳಿಗೆ ನಗು ಬಂತು. ಹೊಲಿಗೆ ಎಳೆದು ನೋವಾಗಿ ಕಣ್ಣಲ್ಲಿ ನೀರು ಬಂತು, ನಗು ಮಾತ್ರ ನಿಲ್ಲಲಿಲ್ಲ. ನಾನೂ ನಕ್ಕೆ.

ನನ್ನ ಸರದಿ ಬಂದಾಗ ಹೆದರಿಕೆ ಅಷ್ಟಾಗಿರಲಿಲ್ಲ. ಬಾಯಿ ಮರಗಟ್ಟಿಸುವ ಸೂಜಿಯದೇ ನೋವು, ಆಮೇಲೆ ನೋವಿಲ್ಲ. ಆದರೆ ಎಲುಬು ಕೊರೆಯುವಾಗಿನ ಅದುರು ತಲೆಬುರುಡೆಯ ಒಳಗೇ ಕೇಳುತ್ತದೆ, ಹೊರಗಿನಿಂದ ಬಂದಂತೆ ಅನಿಸುವುದೇ ಇಲ್ಲ. ಯಶವಂತನಗರದಲ್ಲಿ ಗುಡ್ಡ ಕೊರೆಯುವಾಗ ಶಾಲೆಯ ಕಿಟಕಿ ಹೀಗೆಯೇ ಅದುರುತ್ತಿತ್ತು. ಡಾಕ್ಟರು ನಡುನಡುವೆ "ಆತ್ರಿ ಮೇಡಂ, ಇನ್ನೊಂದು, ಇನ್ನೊಂದು" ಎನ್ನುತ್ತಿದ್ದಳು. ಬಾಗಿಲ ಹೊರಗೆ ಸಂಡೂರಿನ ಅಕ್ಕನ ದನಿ ಕೇಳುತ್ತಿತ್ತು. "ಎಷ್ಟ್ ಹೊತ್ರಿ? ನೀವು ನೀರರ ಕುಡಿಸಿರೋ ಇಲ್ಲೋ? ಸಕ್ರಿ ಐತಿ ಅವರಿಗೆ" ಎಂದು ನರ್ಸಿನ ಜೊತೆ ಜಗಳ. ಬಾಯಿ ತೆರೆದು ಮಲಗಿದ್ದವಳಿಗೆ ಆ ಜಗಳ ಕೇಳುತ್ತ ಎದೆ ಹಗುರಾಯಿತು. ಸಂಜೆ ಅವಳು ನನ್ನ ಅಡಿಗೆಮನೆಯಲ್ಲಿ ಎಲ್ಲವನ್ನೂ ತನಗೆ ಬೇಕಾದಂತೆ ಜೋಡಿಸಿ, ರಾಗಿ ಅಂಬಲಿ ಮಾಡಿ, ಬೆಳಿಗ್ಗೆ ಖಾನಾವಳಿ ತೆರೆಯಬೇಕೆಂದು ಕೊನೆಯ ಬಸ್ಸಿಗೆ ಹೋದಳು. ಎಣ್ಣೆ ಡಬ್ಬಿ ಈಗಲೂ ಅವಳಿಟ್ಟ ಜಾಗದಲ್ಲೇ ಇದೆ.

ಆಮೇಲೆ ಕಾಯುವ ತಿಂಗಳುಗಳು. ಹೊಲಿಗೆ ತೆಗೆದ ಮೇಲೂ ಕೆಲವು ವಾರ ಸೆಟ್ಟು ಹಾಕಬಾರದು, ಎಲುಬು ನಿಧಾನವಾಗಿ ಸ್ಕ್ರೂವನ್ನು ಹಿಡಿದುಕೊಳ್ಳಬೇಕು. ಮೆತ್ತಗಿನದನ್ನೇ ತಿನ್ನಬೇಕು. ತಪಾಸಣೆಗೆ ಇಬ್ಬರೂ ಒಂದೇ ದಿನ ಬರುತ್ತಿದ್ದೆವು. ಒಂದು ಸಲ ಬೇಗ ಮುಗಿದಾಗ ಅವಳೇ, "ಹಂಪಿಗೆ ಹೋಗೂಣೇನ್ರಿ? ಹತ್ರ ಇದ್ದೂ ಭಾಳ ವರ್ಷ ಆತು ನೋಡಿ" ಎಂದಳು. ಬಸ್ಸು ಹತ್ತಿ ಹೋದೆವು. ಗುಡಿಯಲ್ಲಿ ಕೈಮುಗಿದು, ನದಿ ದಂಡೆಗೆ ಬಂದು ಕಲ್ಲಿನ ನೆರಳಲ್ಲಿ ಕುಳಿತೆವು. ಅವಳು ಒಂದು ಚಿಪ್ಪು ಬಾಳೆಹಣ್ಣು ಕೊಂಡಳು. ನದಿಯಲ್ಲಿ ನೀರು ಕಡಿಮೆಯಿತ್ತು, ಆಚೆ ದಡಕ್ಕೆ ತೆಪ್ಪ ಹೋಗಿ ಬರುತ್ತಿತ್ತು. ಯಾರೋ ಪ್ರವಾಸಿಗರು ನಮ್ಮಿಬ್ಬರ ಫೋಟೊ ತೆಗೆದುಕೊಳ್ಳಲೇ ಎಂದು ಕೇಳಿದರು. ನಾನು ಬೇಡವೆನ್ನುವಷ್ಟರಲ್ಲಿ ಅವಳು ಬೊಚ್ಚು ಬಾಯಿ ಬಿಟ್ಟು ನಕ್ಕಳು. "ತಕ್ಕೊಳ್ರಿ, ಇನ್ನ ಸ್ವಲ್ಪ ದಿನ ಆದ್ರ ಈ ಬಾಯಿ ಸಿಗಂಗಿಲ್ಲ" ಎಂದಳು. ಆ ಫೋಟೊ ಈಗ ಯಾವ ಊರಿನ ಯಾರ ಫೋನಿನಲ್ಲಿದೆಯೋ.

ಹಿಂದಿರುಗುವಾಗ ಅವಳು ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡಿದಳು. ಅವಳ ಬಾಯಿಂದ ತಂಬಾಕಿನ ವಾಸನೆ ಬಂತು. ತಂಬಾಕು ಮುಟ್ಟಬಾರದು ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು, ಇವಳು ಆ ಚಟವೇ ಇಲ್ಲ ಎಂದಿದ್ದಳು. ಎಚ್ಚರವಾದ ಮೇಲೆ ಮೆಲ್ಲಗೆ ಕೇಳಿದೆ. "ಬೆಳಗಾ ಮುಂಜಾನಿ ಒಲಿ ಮುಂದ ನಿಂದ್ರಬೇಕಲ್ರಿ ಟೀಚರ್. ಒಂದೀಟು ಇಟ್ಕೋತೀನಿ, ಭಾಳ ಇಲ್ಲ" ಎಂದಳು. ಬಿಟ್ಟುಬಿಡಿ ಎಂದೆ. ಹೂಂ ಎಂದಳು.

ಮುಂದಿನ ತಪಾಸಣೆಯಲ್ಲಿ ಡಾಕ್ಟರು ಅವಳ ಮೇಲಿನ ದವಡೆಯನ್ನು ಮುಟ್ಟಿ ನೋಡಿ ಮುಖ ಸಣ್ಣದು ಮಾಡಿದಳು. ಮೇಲಿನ ಸ್ಕ್ರೂಗಳಲ್ಲಿ ಹೆಚ್ಚಿನವು ಅಲುಗಾಡುತ್ತಿದ್ದವು. ಎಲುಬು ಹಿಡಿದಿರಲಿಲ್ಲ. ಕೆಳಗಿನವು ಗಟ್ಟಿಯಾಗಿದ್ದವು. ಮೇಲಿನವನ್ನು ಈಗಲೇ ತೆಗೆಯಬೇಕು, ಗಾಯ ಮಾಯುವವರೆಗೆ ಬಿಡಬೇಕು, ಆಮೇಲೆ ಎಲುಬಿನ ಪುಡಿ ತುಂಬಿ ಮತ್ತೊಮ್ಮೆ ಕೂರಿಸಲು ನೋಡಬೇಕು ಎಂದಳು. ತಂಬಾಕಿನ ಮಾತು ಬಂತು. ಸಂಡೂರಿನ ಅಕ್ಕ ನನ್ನ ಕಡೆ ನೋಡಿದಳು. ನಾನು ಡಾಕ್ಟರಿಗೆ ಹೇಳಿರಲಿಲ್ಲ, ಹೇಳಿದ್ದೇನೆಂದು ಅವಳಿಗೆ ಅನಿಸಿತೋ ಏನೋ. ಆ ದಿನ ನನ್ನ ಸ್ಕ್ರೂಗಳನ್ನೂ ನೋಡಿದರು. ಎಲ್ಲವೂ ನಿಂತಿದ್ದವು. "ಮಸ್ತ್ ಹಿಡದಾವ್ರಿ ಮೇಡಂ" ಎಂದು ಡಾಕ್ಟರು ಖುಷಿಯಿಂದ ಹೇಳುವಾಗ ಅವಳು ಪಕ್ಕದ ಕುರ್ಚಿಯಲ್ಲಿ ಹತ್ತಿ ಕಚ್ಚಿಕೊಂಡು ಕುಳಿತಿದ್ದಳು.

ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. "ಮನಿಗೆ ಬರ್ರಿ ಅಕ್ಕ, ಒಂದಿನ ಇದ್ದು ಹೋಗ್ರಿ" ಎಂದೆ. "ಬ್ಯಾಡ್ರಿ, ಖಾನಾವಳಿ ಐತಿ" ಎಂದು ಬಸ್ಸು ಹತ್ತಿದಳು. ಆಮೇಲೆ ನಾನು ಫೋನ್ ಮಾಡಿದಾಗೆಲ್ಲ ಅಡಿಗೆಯಲ್ಲಿದ್ದೇನೆ ಎನ್ನುತ್ತಿದ್ದಳು. ಸ್ವಲ್ಪ ದಿನಕ್ಕೆ ಫೋನ್ ಎತ್ತುವುದೇ ನಿಂತಿತು.

ನನ್ನ ಹಲ್ಲು ಬಿಗಿಯುವ ದಿನ ಒಬ್ಬಳೇ ಹೋದೆ. ಅದಕ್ಕೆ ಜೊತೆ ಬೇಕೆಂದಿರಲಿಲ್ಲ. ಅದಕ್ಕೂ ಮೊದಲು ಹಿಟ್ಟಿನಂಥದ್ದನ್ನು ಬಾಯಿಗೆ ತುಂಬಿ ಅಳತೆ ತೆಗೆದಿದ್ದರು, ಮೇಣದ ಹಲ್ಲು ಇಟ್ಟು ನೋಡಿದ್ದರು. ಈಗ ಮೇಲೊಂದು, ಕೆಳಗೊಂದು ಇಡೀ ಸಾಲನ್ನು ಕೂರಿಸಿ, ಒಂದೊಂದೇ ತಿರುಪನ್ನು ಬಿಗಿದು, ತೂತುಗಳನ್ನು ಮುಚ್ಚಿದರು. ಬಾಯಲ್ಲಿ ಬೇರೆಯವರ ಬಾಯಿ ಇಟ್ಟಂತಾಯಿತು. ಡಾಕ್ಟರು ಕನ್ನಡಿ ಕೊಟ್ಟು, "ನಗ್ರಿ ಮೇಡಂ" ಎಂದಳು. ತುಟಿ ಎಳೆದೆ. ಕನ್ನಡಿಯಲ್ಲಿ ಇದ್ದವಳು ನನಗಿಂತ ಚಿಕ್ಕವಳು, ಅನುಕೂಲಸ್ಥಳು, ಯಾರದೋ ಮನೆಗೆ ಊಟಕ್ಕೆ ಹೊರಟವಳಂತೆ ಕಂಡಳು. ನರ್ಸ್ ಚಪ್ಪಾಳೆ ತಟ್ಟಿದಳು. ಡಾಕ್ಟರು ಫೋಟೊ ತೆಗೆದಳು. ನಾನು ಎಲ್ಲರಿಗೂ ಕೈಮುಗಿದು ಹೊರಗೆ ಬಂದೆ. ಬೆಂಚಿನ ಮೇಲೆ ಹಲ್ಲುನೋವಿನವರು ಕೆನ್ನೆ ಹಿಡಿದು ಕುಳಿತಿದ್ದರು. ಯಾರಿಗೆ ತೋರಿಸಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ನಿಂತು, ಆಟೋ ಹಿಡಿದೆ.

ಮನೆಯಲ್ಲಿ ಬಾಗಿಲು ಹಾಕಿಕೊಂಡು ಅಕ್ಷರಮಾಲೆ ಹೇಳಿದೆ. ಮೊದಲು ನಾಲಿಗೆ ಎಡವಿತು. ಕೆಲವು ದಿನಗಳಲ್ಲಿ ತ ಸರಿಯಾಯಿತು, ದ ಸರಿಯಾಯಿತು, ಕೊನೆಗೆ ಥ ಕೂಡ ನೆಟ್ಟಗೆ ಬಂತು. ಗೋಡೆಗೆ ಹೇಳಿದೆ, ಸೌತೆಕಾಯಿ ಹೆಚ್ಚುತ್ತ ಹೇಳಿದೆ. ಕಂಪ್ಲಿಯ ಅಕ್ಕನಿಗೆ ಫೋನ್ ಮಾಡಿ ಹಲ್ಲು ಕೂರಿಸಿಕೊಂಡೆ ಎಂದೆ. "ಚಲೋ ಆತು ಬಿಡು, ಯಾವಾಗ ಬರ್ತಿ?" ಎಂದಳು. ಬರುತ್ತೇನೆ ಎಂದೆ. ಹಿಂದೆ ಮೊಮ್ಮಕ್ಕಳ ಗದ್ದಲ ಕೇಳುತ್ತಿತ್ತು. ಆ ಮಕ್ಕಳಲ್ಲಿ ಯಾರನ್ನೂ ನಾನು ನೋಡಿರಲಿಲ್ಲ.

ಸಂಡೂರಿಗೆ ಹೋಗಲೋ ಬೇಡವೋ ಎಂದು ಬಹಳ ಯೋಚಿಸಿದೆ. ಅವಳ ಮುಂದೆ ಈ ಬಾಯಿ ಹೊತ್ತು ಹೋಗುವುದು ಸರಿಯೇ? ಹೋಗದಿದ್ದರೆ ಸರಿಯೇ? ಕೊನೆಗೆ ಒಂದು ಬೆಳಿಗ್ಗೆ ಬಸ್ಸು ಹತ್ತಿದೆ. ಖಾನಾವಳಿ ಲಾರಿಗಳು ನಿಲ್ಲುವ ಕಡೆ ಇತ್ತು, ತಗಡಿನ ಮಾಡು, ಉದ್ದನೆಯ ನಾಲ್ಕು ಮೇಜು. ರೊಟ್ಟಿ ಬಡಿಯುವ ಸದ್ದು ರಸ್ತೆಗೇ ಕೇಳುತ್ತಿತ್ತು.

ಅವಳು ತಲೆಯೆತ್ತಿ ನೋಡಿ, "ಬರ್ರಿ ಟೀಚರ್, ಕುಂದ್ರಿ" ಎಂದಳು. ಗಿರಾಕಿಗೆ ಹೇಳುವ ದನಿ. ನನ್ನ ಮುಂದೆ ತಟ್ಟೆ ಬಂತು. ಖಡಕ್ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ. ನಾನು ಮಾತಾಡಲು ಬಂದವಳು ಎಂದು ಹೇಳುವಷ್ಟರಲ್ಲಿ ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸುತ್ತ ಬಂದು ಎದುರಿಗೆ ಕುಳಿತಳು.

"ತಿನ್ರಿ. ಕಡೀರಿ ನೋಡೂಣು."

ರೊಟ್ಟಿ ಮುರಿದು ಬಾಯಿಗಿಟ್ಟೆ. ಹಲ್ಲು ಬಿದ್ದಾಗಿನಿಂದ ಒಣ ರೊಟ್ಟಿ ಕಡಿದವಳಲ್ಲ. ಕಟಕ್ ಎಂದಿತು. ಆ ಸದ್ದಿಗೆ ನಾನೇ ಬೆಚ್ಚಿದೆ. ಅವಳು ನನ್ನ ದವಡೆ ಆಡುವುದನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಹೆಂಗೈತ್ರಿ? ಖರೇ ಹೇಳ್ರಿ. ನಾ ರೊಟ್ಟಿ ನೀರಾಗ ನೆನಸದ ತಿಂದು ಭಾಳ ವರ್ಷ ಆತು. ಮಂದಿ ಚಲೋ ಐತಿ ಅಂತಾರ. ಮಂದಿಗೇನು, ಹಸದಿರ್ತಾರ."

"ಭಾಳ ಚಲೋ ಆಗ್ಯಾವ್ರಿ ಅಕ್ಕ. ಎಳ್ಳು ಸೊಲ್ಪ ಹೆಚ್ಚಾಗೈತಿ."

"ಹೆಚ್ಚಾಗೈತಾ?" ಎಂದು ಅವಳು ಒಲೆಯ ಕಡೆ ತಿರುಗಿ ಕೆಲಸದವಳಿಗೆ, "ಕೇಳಿದ್ಯಾ? ಎಳ್ಳು ಕಮ್ಮಿ ಹಾಕು" ಎಂದಳು. ಆಮೇಲೆ ನನ್ನ ಕಡೆ ತಿರುಗಲಿಲ್ಲ.

ನಾನು, "ಇನ್ನೊಂದ್ಸಲ ಆಪರೇಷನ್ ಮಾಡಸ್ರಿ. ನಾ ಬಂದು ಕುಂದ್ರತೀನಿ" ಎಂದೆ.

"ಸಾಕಾತ್ರಿ ನನಗ. ಮತ್ತ ಕೊರಿಸ್ಕೊಳ್ಳಾಕ ಆಗಂಗಿಲ್ಲ. ಕೆಳಗ ಹೆಂಗೂ ಹಿಡದಾವು. ಅಷ್ಟರಾಗ ಏನಾಗ್ತೈತೋ ಆಗ್ಲಿ." ಮೇಜಿನ ಮೇಲಿನ ರೊಟ್ಟಿ ಚೂರುಗಳನ್ನು ಒರೆಸುತ್ತ, "ನೀವು ಡಾಕ್ಟರಿಗೆ ಹೇಳಬಾರದಿತ್ರಿ ಟೀಚರ್" ಎಂದಳು.

"ನಾ ಹೇಳಿಲ್ರಿ ಅಕ್ಕ. ದೇವರಾಣಿ."

"ಇರ್ಲಿ ಬಿಡ್ರಿ."

ಅಷ್ಟರಲ್ಲಿ ಕಂಪನಿ ಬಸ್ಸು ಬಂದು ನಿಂತಿತು. ಜನ ನುಗ್ಗಿದರು, ಮೇಜುಗಳು ತುಂಬಿದವು. ಅವಳು ಎದ್ದಳು. ನಾನು ತಟ್ಟೆಯಲ್ಲಿದ್ದುದನ್ನೆಲ್ಲ ತಿಂದೆ, ಬಿಟ್ಟರೆ ಅವಳಿಗೆ ಬೇಸರವಾದೀತೆಂದು. ಹೊರಡುವಾಗ ಅವಳು ಒಳಗಿನಿಂದಲೇ, "ಹುಷಾರ್ ಹೋಗ್ರಿ" ಎಂದು ಕೂಗಿದಳು. ಸುತ್ತ ಅಷ್ಟು ಜನ ಉಣ್ಣುತ್ತಿದ್ದರು, ಅವರ ನಡುವೆ ನಾನೂ ಉಂಡಿದ್ದೆ, ಯಾರೂ ನನ್ನ ಬಾಯಿ ನೋಡಿರಲಿಲ್ಲ. ಅದು ಬಸ್ಸಿನಲ್ಲಿ ಕುಳಿತ ಮೇಲೆ ತಿಳಿಯಿತು.

ಕಂಪ್ಲಿಗೂ ಹೋಗಿ ಬಂದೆ. ಅಕ್ಕ ನನ್ನ ಮುಖ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಅವ್ವ ಇದ್ದಂಗ ಕಾಣ್ತಿ, ಹಲ್ಲಿದ್ದಾಗ" ಎಂದಳು. ಮೊಮ್ಮಕ್ಕಳು ದೂರ ನಿಂತು ಯಾರೀಕಿ ಎನ್ನುವಂತೆ ನೋಡಿದವು. ಎಲ್ಲರ ಜೊತೆ ಕುಳಿತು ಉಂಡೆ. ಆದರೆ ಅವರ ಮಾತಿನಲ್ಲಿ ಬರುವ ಜನ, ನಡೆದ ಜಗಳ, ಕೊಂಡ ಗದ್ದೆ ಯಾವುದೂ ನನಗೆ ಗೊತ್ತಿರಲಿಲ್ಲ. ಅವರು ಹೇಳುತ್ತ ಹೇಳುತ್ತ ನನಗಾಗಿ ನಿಲ್ಲಿಸಿ ವಿವರಿಸಬೇಕಾಗುತ್ತಿತ್ತು. ಎರಡು ಸಲ ವಿವರಿಸಿ ಅವರಿಗೂ ಸಾಕಾಯಿತು. ಹಲ್ಲಿಲ್ಲದ್ದಕ್ಕೇ ನಾನು ಒಬ್ಬಳಾದೆ ಎಂದು ಇಷ್ಟು ವರ್ಷ ನಂಬಿದ್ದೆ. ಈಗ ಹಲ್ಲು ಬಂದಿವೆ, ಆ ಮಾತು ಹೇಳಿಕೊಳ್ಳಲು ಬರುವುದಿಲ್ಲ. ಹೋದ ವರ್ಷಗಳು ಎಲ್ಲಿಯೋ ಹೋಗಿವೆ, ಅವನ್ನು ಬಿಗಿದು ಕೂರಿಸುವ ವೈದ್ಯ ಯಾರಿದ್ದಾರೆ?

ಕೆಲವು ತಿಂಗಳ ಹಿಂದೆ ಹಲ್ಲು ಸ್ವಚ್ಛ ಮಾಡಿಸಲು ಆಸ್ಪತ್ರೆಗೆ ಹೋಗಿದ್ದೆ. ಇವುಗಳಿಗೂ ಆರೈಕೆ ಬೇಕು. ಅಡಿಯಲ್ಲಿ ಸಣ್ಣ ಬ್ರಶ್ಶು ತೂರಿಸಿ ತೊಳೆಯಬೇಕು, ಇಲ್ಲದಿದ್ದರೆ ವಸಡು ಮತ್ತೆ ಊದುತ್ತದೆ. ಕುರ್ಚಿ ಒರೆಸುತ್ತಿದ್ದ ನರ್ಸ್, "ನಿಮ್ಮ ಸಂಡೂರಿನ ಅಕ್ಕ ಮೊನ್ನೆ ಬಂದಿದ್ರಲ್ರಿ. ಕೆಳಗ ಫಿಕ್ಸ್ ಹಲ್ಲು ಹಾಕಿಸ್ಕೊಂಡ್ರು, ಮ್ಯಾಲ ಸೆಟ್ಟು. ಚಲೋ ಕುಂತಾವು" ಎಂದಳು.

"ಒಬ್ರೇ ಬಂದಿದ್ರೇನ್ರಿ?"

"ಇಲ್ರಿ, ಯಾರೋ ಡ್ರೈವರ್ ಹೆಂಡ್ತಿ ಅಂತ, ಜೊತೀಗಿದ್ರು."

ನನಗೆ ಸಮಾಧಾನವೂ ಆಯಿತು, ಇನ್ನೇನೋ ಆಯಿತು. ಹಾಕಿಸಿಕೊಂಡಳಲ್ಲ, ಈಗ ಏನಾದರೂ ಕಡಿಯಬಹುದು ಎಂಬುದು ಸಮಾಧಾನ. ಹೊಸಪೇಟೆಯವರೆಗೆ ಬಂದು ನನಗೊಂದು ಫೋನ್ ಮಾಡಲಿಲ್ಲ ಎಂಬುದು ಆ ಇನ್ನೇನೋ. ಡಾಕ್ಟರು ಬಾಯಿ ತೆರೆಯಿರಿ ಎಂದಳು. ತೆರೆದೆ.

ಹೊರಗೆ ಬಂದಾಗ ಹಸಿವಾಗಿತ್ತು. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಹೋಗಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತೆಗೆದುಕೊಂಡು ಕುಳಿತೆ. ಮೊದಲಾಗಿದ್ದರೆ ಅಂಥ ಜಾಗದ ಮುಂದೆ ಮುಖ ತಿರುಗಿಸಿ ನಡೆಯುತ್ತಿದ್ದೆ. ಎರಡು ಚೀಲ ಹೊತ್ತ ಒಬ್ಬಳು ಬಂದು, "ಇಲ್ಲಿ ಕುಂದ್ರಬಹುದೇನ್ರಿ?" ಎಂದಳು. ಕುಂದ್ರಿ ಎಂದೆ. ಅವಳು ಮಗಳ ಮನೆಗೆ ಕೂಡ್ಲಿಗಿಗೆ ಹೊರಟಿದ್ದಳು. ಮಿರ್ಚಿ ಖಾರ ಎಂದಳು. ನಾನು ಹೌದೆಂದೆ. ಬಸ್ಸು ತಡ ಎಂದಳು, ಅದಕ್ಕೂ ಹೌದೆಂದೆ. ಇನ್ನೇನಾದರೂ ಕೇಳಬೇಕೆಂದು ನಾನು ಮಾತು ಹುಡುಕುವಷ್ಟರಲ್ಲಿ ಕಂಡಕ್ಟರ್ ಕೂಗಿದ. ಅವಳು ಕೈತೊಳೆದು, ಚೀಲ ಎತ್ತಿಕೊಂಡು, "ಬರ್ತೀನ್ರಿ" ಎಂದು ಓಡಿದಳು. ನಾನು ಒಂದು ಚಹಾ ಹೇಳಿದೆ.